ಆರು ರನ್ನಿನ ಸೋಲು ಮನೆಯೊಳಗೆ ಬಂದಾಗ

ಪ್ರಶ್ನೆ: ನಾನು ಕಲಬುರಗಿಯ ನೆಹರೂ ಗಂಜಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ವಯಸ್ಸು 42. ಆರ್‌ಸಿಬಿಯ ಪಂದ್ಯಗಳನ್ನು 2008ರಿಂದ ಒಂದೂ ಬಿಡದೆ ನೋಡಿದ್ದೇನೆ. ಕರ್ನಾಟಕದ ರಣಜಿ ಪಂದ್ಯಗಳನ್ನೂ ಅಷ್ಟೇ ಆಸ್ಥೆಯಿಂದ ಹಿಂಬಾಲಿಸುತ್ತೇನೆ. ಸೋತ ರಾತ್ರಿ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಮಾತೆತ್ತಿದರೆ ಸಿಡುಕುತ್ತೇನೆ. "ಅವ್ರು ಸೋತ್ರ ನೀವ್ಯಾಕ ಉಪಾಸ ಇರ್ತೀರಿ?" ಎಂದು ಮನೆಯಾಕೆ ಕೇಳುತ್ತಾಳೆ. ಬೀದರಿನಲ್ಲಿರುವ ಅವಳ ತಮ್ಮ ಹೈದರಾಬಾದ್ ತಂಡದ ಅಭಿಮಾನಿ. ಅವನು ಕಳುಹಿಸಿದ ಚೇಷ್ಟೆಯ ಸಂದೇಶಗಳಿಂದಾಗಿ ಎರಡು ತಿಂಗಳಿಂದ ನಮ್ಮಿಬ್ಬರಿಗೆ ಮಾತಿಲ್ಲ. ಪಂದ್ಯ ನಡೆಯುವಾಗ ಕುಳಿತ ಜಾಗ ಬಿಟ್ಟು ಏಳುವುದಿಲ್ಲ. ಒಮ್ಮೆ ಒಂಬತ್ತು ವರ್ಷದ ಮಗಳು ಒಳಗೆ ಬಂದ ಕ್ಷಣವೇ ಕೊಹ್ಲಿ ಔಟಾದದ್ದರಿಂದ ಅವಳನ್ನು ಗದರಿಸಿ ಹೊರಗೆ ಕಳುಹಿಸಿದೆ. ಅಂದಿನಿಂದ ಪಂದ್ಯವಿದ್ದಾಗ ಅವಳು ಆ ಕೋಣೆಗೇ ಬರುವುದಿಲ್ಲ. ಬಿಪಿ ಮಾತ್ರೆ ನುಂಗುವ ತಂದೆಯವರೂ ನನ್ನ ಜೊತೆ ಕೊನೆಯ ಓವರಿನವರೆಗೆ ಕೂರುತ್ತಾರೆ. ಇಷ್ಟು ವರ್ಷ ಕಾಯ್ದ ಮೊದಲ ಕಪ್ 2025ರಲ್ಲಿ ಬಂದಾಗ ಜಗತ್ ವೃತ್ತದಲ್ಲಿ ಕುಣಿದೆವು, ಆದರೆ ಆ ಸಂತೋಷ ಒಂದು ದಿನವೂ ಉಳಿಯಲಿಲ್ಲ. ಇದು ಕಾಯಿಲೆಯೇ? ಆಟ ನೋಡುವುದನ್ನೇ ಬಿಡಬೇಕೆ?

ಉತ್ತರ: ಕಾಯಿಲೆಯಲ್ಲ, ಬಿಡಬೇಕಾಗಿಯೂ ಇಲ್ಲ. ಆಪ್ತಸಮಾಲೋಚಕಿಯಾಗಿ ಈ ಮಾತನ್ನು ಹೇಳುವ ಮೊದಲು ನನ್ನದೊಂದು ತಪ್ಪೊಪ್ಪಿಗೆ ಇದೆ: ನಾನೂ ತಟಸ್ಥಳಲ್ಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ನಡೆದ ರಣಜಿ ಫೈನಲ್‌ನಲ್ಲಿ ಮುಂಬೈ ಎದುರು 338 ರನ್ನುಗಳ ಗುರಿ ಹಿಡಿದು ಹೊರಟ ಕರ್ನಾಟಕ, ಮನೀಶ್ ಪಾಂಡೆಯವರ 144 ರನ್ನುಗಳ ಬಲದಿಂದ ದಡ ಮುಟ್ಟಿತು ಎನ್ನುವಷ್ಟರಲ್ಲಿ 331ಕ್ಕೆ ಮುಗಿದುಹೋದಾಗ, ನಾನು ಒಲೆಯ ಮೇಲೆ ಕುಕ್ಕರ್ ಇಟ್ಟು ಸೀಟಿ ಎಣಿಸುವುದನ್ನೇ ಮರೆತು ಮನೆಯವರಿಗೆಲ್ಲ ಸೀದ ಬೇಳೆ ಬಡಿಸಿದ್ದೆ. ಆರು ರನ್ನಿನ ಸೋಲು ಅದು. ಅದಕ್ಕೆ ಎಂಟು ತಿಂಗಳ ಹಿಂದೆ, 2009ರ ಮೇ ತಿಂಗಳಲ್ಲಿ, ಜೋಹಾನ್ಸ್‌ಬರ್ಗ್‌ನ ಐಪಿಎಲ್ ಫೈನಲ್‌ನಲ್ಲಿ ಆರ್‌ಸಿಬಿ ಡೆಕ್ಕನ್ ಚಾರ್ಜರ್ಸ್‌ಗೆ ಸೋತದ್ದೂ ಆರೇ ರನ್ನಿನಿಂದ. ನಮ್ಮ ಕಡೆಯ ಅಭಿಮಾನಿಗಳಿಗೆ ಆ ಸಂಖ್ಯೆಯ ಮೇಲೆ ಹಳೆಯ ಸಿಟ್ಟಿದೆ.

ನಿಮ್ಮ ನೆನಪನ್ನೇ ಒಮ್ಮೆ ಪರೀಕ್ಷಿಸಿ ನೋಡಿ. 2017ರ ಏಪ್ರಿಲ್ 23ರಂದು ಕೋಲ್ಕತ್ತದಲ್ಲಿ ಆರ್‌ಸಿಬಿ 49 ರನ್ನಿಗೆ ಆಲೌಟಾದ ರಾತ್ರಿ ನಿಮಗೆ ನಿದ್ದೆ ಬಂದಿರಬಹುದು. 2016ರ ಮೇ 29ರಂದು, ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ರನ್ ಕೂಡಿಸಿದ ಮೇಲೂ, ಅದೂ ಚಿನ್ನಸ್ವಾಮಿಯಲ್ಲೇ, ಎಂಟು ರನ್ನಿನಿಂದ ಕಪ್ ಜಾರಿದ ರಾತ್ರಿ ಖಂಡಿತ ಬಂದಿರಲಾರದು. ದೊಡ್ಡ ಸೋಲಿನ ಮುಂದೆ ಮನಸ್ಸು ಬೇಗ ಕೈಚೆಲ್ಲುತ್ತದೆ, ಏಕೆಂದರೆ ಅಲ್ಲಿ "ಹಾಗಾಗಿದ್ದರೆ" ಎಂದು ಕಟ್ಟಿಕೊಳ್ಳಲು ಸಾಮಗ್ರಿಯೇ ಇರುವುದಿಲ್ಲ. ಕೂದಲೆಳೆಯ ಸೋಲಿನಲ್ಲಾದರೆ ಬಿಟ್ಟ ಒಂದು ಕ್ಯಾಚ್, ವೈಡ್ ಹೋದ ಒಂದು ಎಸೆತ, ಓಡದೆ ಉಳಿದ ಒಂದು ರನ್ ಎಲ್ಲವೂ ಇನ್ನೊಂದು ಪಂದ್ಯಕ್ಕೆ ಇಟ್ಟಿಗೆಯಾಗುತ್ತವೆ, ಮತ್ತು ಹಾಸಿಗೆಯಲ್ಲಿ ಮಲಗಿ ನೀವು ಬೆಳಗಿನ ಮೂರರವರೆಗೆ ಆ ಇನ್ನೊಂದು ಪಂದ್ಯವನ್ನು ಆಡಿ ಗೆಲ್ಲುತ್ತಿರುತ್ತೀರಿ. ನಿಮ್ಮ ನಿದ್ದೆಗೆಡಿಸುವುದು ನಡೆದ ಪಂದ್ಯಕ್ಕಿಂತ ಹೆಚ್ಚಾಗಿ ನಡೆಯದ ಈ ಪಂದ್ಯ. ಹೈಲೈಟ್ಸ್ ನೋಡುವುದು, ಫೋನಿನಲ್ಲಿ ಪ್ರತಿಕ್ರಿಯೆಗಳನ್ನು ಓದುತ್ತ ಹೋಗುವುದು ಅದಕ್ಕೆ ಇನ್ನಷ್ಟು ಇಟ್ಟಿಗೆ ಹೊತ್ತು ಕೊಟ್ಟಂತೆ. ಆದ್ದರಿಂದ ಸೋತ ರಾತ್ರಿ ಫೋನನ್ನು ಅಡುಗೆಮನೆಯಲ್ಲಿಟ್ಟು ಮಲಗಿ. ನನ್ನ ಬಳಿ ಬರುವವರಿಗೆ ನಾನು ಕೊಡುವ ಸಲಹೆಗಳಲ್ಲಿ ಅತಿ ಸಣ್ಣದೂ ಅತಿ ಹೆಚ್ಚು ಫಲ ಕೊಟ್ಟದ್ದೂ ಇದೇ.

ನಿಮ್ಮ ಮನೆಯಾಕೆಯ ಪ್ರಶ್ನೆ ಹಾಸ್ಯದ್ದಲ್ಲ, ಈ ವಿಷಯದ ತಿರುಳೇ ಅದರಲ್ಲಿದೆ. ಅವರು ಸೋತರೆ ನಾವೇಕೆ ಉಪವಾಸ ಇರಬೇಕು? ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಸರಳವಾಗಿ ತೋರಿಸಿತು. ಏಳು ವಿಶ್ವವಿದ್ಯಾಲಯಗಳಲ್ಲಿ ವಾರಾಂತ್ಯದ ಫುಟ್‌ಬಾಲ್ ಪಂದ್ಯದ ನಂತರ, ಸೋಮವಾರ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ತಮ್ಮ ವಿಶ್ವವಿದ್ಯಾಲಯದ ಹೆಸರು ಅಥವಾ ಗುರುತು ಇರುವ ಬಟ್ಟೆ ತೊಟ್ಟಿದ್ದಾರೆಂದು ಎಣಿಸಿದರು. ಗೆದ್ದ ವಾರ ಅಂಥವರು ಹೆಚ್ಚು. ಪಂದ್ಯದ ಬಗ್ಗೆ ಫೋನಿನಲ್ಲಿ ಕೇಳಿದಾಗ ಗೆಲುವಿಗೆ "ನಾವು" ಎಂದವರು ಸೋಲಿಗೆ "ಅವರು" ಎಂದರು. ಇದನ್ನು ಕನ್ನಡಿಗರಿಗೆ ಸಂಶೋಧನೆ ಮಾಡಿ ಹೇಳಬೇಕಾಗಿಲ್ಲ, ನಮ್ಮ ಕ್ರಿಯಾಪದಗಳೇ ಹೇಳುತ್ತವೆ: ಗಂಜಿನ ಚಹಾದಂಗಡಿಯಲ್ಲಿ ಒಂದು ದಿನ "ಗೆದ್ವಿ" ಎಂದ ಬಾಯಿ ಮರುವಾರ "ಸೋತ್ರು" ಎನ್ನುತ್ತದೆ. ಹಾಗೆ ಜಾರಿಕೊಳ್ಳುವುದು ಮನಸ್ಸಿನ ಒಂದು ಬಗೆಯ ಕೊಡೆ. ಆದರೆ "ಈ ಸಲ ಕಪ್ ನಮ್ದೇ" ಎಂದು ಎಷ್ಟೋ ಋತುಗಳಲ್ಲಿ ಹೇಳಿ ನಗೆಪಾಟಲಾಗಿಯೂ "ನಮ್ದೇ" ಎಂಬುದನ್ನು ಬಿಡದ ನಿಮ್ಮಂಥವರು "ಸೋತ್ವಿ" ಎನ್ನುವ ಜನ. ನಿಮ್ಮ ಕೈಯಲ್ಲಿ ಕೊಡೆಯಿಲ್ಲ, ಆದ್ದರಿಂದ ನೆನೆಯುತ್ತೀರಿ. ಇದನ್ನು ದೌರ್ಬಲ್ಯವೆಂದು ನಾನು ಎಣಿಸುವುದಿಲ್ಲ. ಸೋತಾಗ "ಅವರು" ಎನ್ನಲಾರದವನಿಗೆ ಗೆದ್ದಾಗ "ನಾವು" ಎನ್ನುವ ಹಕ್ಕು ಹೆಚ್ಚು.

ಮರುದಿನ ಮಿಲ್ಲಿನಲ್ಲಿ ಮಾತು ಬೇಡವೆನಿಸಿದರೆ ಅದಕ್ಕೂ ಕಾರಣವಿದೆ. ಮನೋವಿಜ್ಞಾನಿ ಎಡ್ವರ್ಡ್ ಹರ್ಟ್ ಮತ್ತು ಜೊತೆಗಾರರು 1992ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮ್ಮ ಕಾಲೇಜು ತಂಡ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸೋತದ್ದನ್ನು ಟಿವಿಯಲ್ಲಿ ನೋಡಿದ ಅಭಿಮಾನಿಗಳು, ತಂಡದ ಮುಂದಿನ ಭವಿಷ್ಯವನ್ನು ಮಾತ್ರವಲ್ಲ, ತಮ್ಮದೇ ಸಾಮರ್ಥ್ಯವನ್ನೂ ಕಡಿಮೆ ಅಂದಾಜು ಮಾಡಿದರು. ಅಕ್ಷರ ಜೋಡಿಸಿ ಪದ ಕಟ್ಟುವುದು, ಗುರಿಯಿಟ್ಟು ಎಸೆಯುವುದು ಇಂಥ ಆಟಕ್ಕೆ ಸಂಬಂಧವೇ ಇಲ್ಲದ ಕೆಲಸಗಳಲ್ಲಿಯೂ ತಾವು ಚೆನ್ನಾಗಿ ಮಾಡಲಾರೆವು ಎಂದುಕೊಂಡರು. ಅಂದರೆ ಸೋತ ಮರುದಿನ ನಿಮಗೆ ನಿಮ್ಮ ಬಗ್ಗೆ ತೋರುವ ಬೆಲೆ ತಕ್ಕಡಿಯ ತಪ್ಪು. ಮಾಲೀಕರೊಂದಿಗೆ ಸಂಬಳದ ಮಾತೆತ್ತುವುದೋ, ಮಗಳ ಶಾಲೆ ಬದಲಿಸುವ ತೀರ್ಮಾನವೋ ಇದ್ದರೆ ಅದನ್ನು ಒಂದು ದಿನ ಮುಂದೂಡಿ. ಇನ್ನೊಂದು ಲೆಕ್ಕವನ್ನೂ ನೀವು ತಿಳಿದಿರಬೇಕು. ಬ್ರಿಟನ್ನಿನಲ್ಲಿ 30,000ಕ್ಕೂ ಹೆಚ್ಚು ಜನರು ತಮ್ಮ ಆ ಹೊತ್ತಿನ ನೆಮ್ಮದಿಯನ್ನು ಫೋನಿನಲ್ಲಿ ದಾಖಲಿಸಿದ್ದನ್ನು ಆಧರಿಸಿ ಇಬ್ಬರು ಅರ್ಥಶಾಸ್ತ್ರಜ್ಞರು 2018ರಲ್ಲಿ ಲೆಕ್ಕ ಹಾಕಿದಾಗ, ಫುಟ್‌ಬಾಲ್ ತಂಡದ ಸೋಲು ಕೊಡುವ ದುಃಖ ಗೆಲುವು ಕೊಡುವ ಸುಖಕ್ಕಿಂತ ಸುಮಾರು ಎರಡು ಪಟ್ಟು ಎಂದು ಕಂಡಿತು. ಜಮಾ ಖರ್ಚಿನ ದೃಷ್ಟಿಯಿಂದ ಅಭಿಮಾನವೆಂಬುದು ನಷ್ಟದ ವ್ಯಾಪಾರವೇ. ಆದರೂ ಜನ ಅದನ್ನು ಬಿಡುವುದಿಲ್ಲವೆಂದರೆ, ಆ ಖಾತೆಯಲ್ಲಿ ಬರೆಯದ ಯಾವುದೋ ಆದಾಯ ಇರಲೇಬೇಕು.

ಆ ಆದಾಯ ಯಾವುದೆಂದು ತಿಳಿಯಲು ಬೀದರಿನ ನಿಮ್ಮ ಭಾವಮೈದುನನ ಕಡೆ ತಿರುಗೋಣ. ನಮ್ಮ ಸೀಮೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಬೀದರಿನಿಂದ ಹೈದರಾಬಾದಿಗೆ 150 ಕಿಲೋಮೀಟರ್ ಕೂಡ ಇಲ್ಲ, ಬೆಂಗಳೂರು ಅದರ ನಾಲ್ಕು ಪಟ್ಟಿಗೂ ದೂರ. ಆಸ್ಪತ್ರೆಗೆ, ಬಟ್ಟೆಗೆ, ಕೆಲಸಕ್ಕೆ ಅಲ್ಲಿಗೇ ಹೋಗಿ ಬೆಳೆದ ಹುಡುಗನೊಬ್ಬ ಉಪ್ಪಲ್ ಮೈದಾನದ ತಂಡವನ್ನು ತನ್ನದೆಂದುಕೊಂಡರೆ ಅದರಲ್ಲಿ ದ್ರೋಹವೇನೂ ಇಲ್ಲ. ಊರಿನ ಹೆಸರಷ್ಟೇ ನಿಷ್ಠೆಯನ್ನು ಹುಟ್ಟಿಸುವುದಾದರೆ, 2022ರಲ್ಲಿ ನಮ್ಮ ರಾಜ್ಯದ ಟಿ20 ಪಂದ್ಯಾವಳಿಯಾದ ಮಹಾರಾಜ ಟ್ರೋಫಿಯನ್ನು ಗುಲ್ಬರ್ಗ ಮಿಸ್ಟಿಕ್ಸ್ ಗೆದ್ದಾಗ ನೀವು ಜಗತ್ ವೃತ್ತದಲ್ಲಿ ಕುಣಿದಿರಬೇಕಿತ್ತು. ನಾಯಕ ಬೇರಾರೂ ಅಲ್ಲ, ಮೈಸೂರಿನ ಆ 144ರ ಮನೀಶ್ ಪಾಂಡೆಯೇ. ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ, ನಮ್ಮ ಊರಿನಲ್ಲಿ ಪಟಾಕಿಯ ಸದ್ದು ನನಗಂತೂ ಕೇಳಲಿಲ್ಲ. (ಊರು 2014ರಲ್ಲೇ ಕಲಬುರಗಿಯಾದರೂ ತಂಡ ಇನ್ನೂ ಗುಲ್ಬರ್ಗವಾಗಿಯೇ ಉಳಿದದ್ದು ನನ್ನ ಚಿಕ್ಕದೊಂದು ತಕರಾರು.) ಹಾಗೆಯೇ ಕನ್ನಡಿಗನೆಂಬುದೂ ಸಾಲದು. ಪಕ್ಕದ ರಾಯಚೂರಿನ ಯರೇ ಗೌಡರು ಎಷ್ಟೋ ವರ್ಷ ರೈಲ್ವೇಸ್ ತಂಡಕ್ಕೆ ಆಡಿದರು. 2025ರ ಏಪ್ರಿಲ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ ಚಿನ್ನಸ್ವಾಮಿಯಲ್ಲೇ ಡೆಲ್ಲಿಯ ಪರ ಔಟಾಗದೆ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿದ ರಾತ್ರಿ ನೀವು ನಕ್ಕಿರೋ ಅತ್ತಿರೋ ನಿಮಗೇ ಗೊತ್ತು. ನಿಷ್ಠೆ ನೆಲದಿಂದಲೂ ಬರುವುದಿಲ್ಲ, ಹೆಸರಿನಿಂದಲೂ ಬರುವುದಿಲ್ಲ. ಯಾರ ಪಕ್ಕ ಕುಳಿತು ಎಷ್ಟು ವರ್ಷ ನೋಡಿದಿರಿ ಎಂಬುದರಿಂದ ಬರುತ್ತದೆ. ಮೇ ತಿಂಗಳಲ್ಲಿ ಕರೆಂಟು ಹೋಗಿ ಫ್ಯಾನು ನಿಂತ ಮೇಲೂ ಒಂದೇ ಫೋನಿನ ಸುತ್ತ ಬೆವರುತ್ತ ಕುಳಿತ ನಾಲ್ಕು ಜನರೇ ನಿಮ್ಮ "ನಾವು". ಆರುನೂರು ಕಿಲೋಮೀಟರ್ ಆಚೆಯ ಹನ್ನೊಂದು ಆಟಗಾರರು ಆ ನಾಲ್ವರು ಕೂಡುವುದಕ್ಕೆ ಒಂದು ನೆಪ.

ಈ ದೃಷ್ಟಿಯಿಂದ ನೋಡಿದರೆ ಭಾವಮೈದುನ ನಿಮ್ಮ ಎದುರಾಳಿಯಲ್ಲ, ಅದೇ ಬಳಗದ ಇನ್ನೊಂದು ತುದಿ. ಅವನ ಚೇಷ್ಟೆ ಎದುರಿಗೆ ಕುಳಿತು ಆಡಿದ್ದರೆ ನೀವು ತಿರುಗಿ ಎರಡು ಮಾತಾಡಿ ಚಹಾ ಕುಡಿಯುತ್ತಿದ್ದಿರಿ. ರಾತ್ರಿ ಹನ್ನೊಂದೂವರೆಗೆ ಬೆಳಗುವ ಪರದೆಯ ಮೇಲೆ ಅದೇ ಮಾತಿಗೆ ಮುಖವೂ ಇಲ್ಲ, ನಗುವೂ ಇಲ್ಲ. ನೀವೇ ಮೊದಲು ಫೋನ್ ಮಾಡಿ. ಪಂದ್ಯ ಮುಗಿದ ರಾತ್ರಿ ಸಂದೇಶ ಬೇಡ, ಮರುದಿನ ಮಧ್ಯಾಹ್ನದ ಮೇಲೆ ಏನು ಬೇಕಾದರೂ ಅನ್ನು ಎಂದು ಒಪ್ಪಂದ ಮಾಡಿಕೊಳ್ಳಿ, ಮತ್ತು ಮುಂದಿನ ಬಾರಿ ಎರಡೂ ತಂಡಗಳು ಎದುರಾದಾಗ ಅವನನ್ನು ಮನೆಗೆ ಕರೆಯಿರಿ.

ಇನ್ನು ಮಗಳ ವಿಷಯ. ನಿಮ್ಮ ಇಡೀ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಇದೊಂದೇ. ಕುಳಿತ ಜಾಗ ಬಿಡದಿರುವುದು, ಗೆದ್ದ ದಿನದ ಅಂಗಿಯನ್ನು ಒಗೆಯದಿರುವುದು ಇವೆಲ್ಲ ಅಭಿಮಾನಿಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅವನ್ನು ನಾನು ಮೂಢನಂಬಿಕೆ ಎಂದು ಬಯ್ಯುವುದಕ್ಕೂ ಹೋಗುವುದಿಲ್ಲ. ಕೈಗೆಟುಕದ ವಿಷಯವೊಂದು ನಮಗೆ ತುಂಬ ಮುಖ್ಯವಾದಾಗ ಅದು ನಮ್ಮ ಹಿಡಿತದಲ್ಲಿದೆ ಎಂದು ಮನಸ್ಸು ನಟಿಸುತ್ತದೆ. ಮನೋವಿಜ್ಞಾನಿ ಎಲೆನ್ ಲ್ಯಾಂಗರ್ 1975ರಲ್ಲಿ ತೋರಿಸಿದಂತೆ, ಲಾಟರಿ ಚೀಟಿಯನ್ನು ತಾವೇ ಆರಿಸಿಕೊಂಡವರು, ಬೇರೆಯವರು ಆರಿಸಿ ಕೊಟ್ಟವರಿಗಿಂತ, ಅದನ್ನು ಮರಳಿ ಮಾರಲು ಹಲವು ಪಟ್ಟು ಹೆಚ್ಚು ಬೆಲೆ ಕೇಳುತ್ತಾರೆ. ನಿಮ್ಮ ಜಾಗದ ಹಟದಿಂದ ನಿಮ್ಮ ಕಾಲಿಗೆ ಜೋಮು ಹಿಡಿಯುವುದನ್ನು ಬಿಟ್ಟರೆ ಬೇರೆ ನಷ್ಟವಿಲ್ಲ. ಆದರೆ ಒಂಬತ್ತು ವರ್ಷದ ಮಗು ನಟನೆಯನ್ನು ನಟನೆಯೆಂದು ಅರಿಯುವುದಿಲ್ಲ. ತಾನು ಕಾಲಿಟ್ಟರೆ ಕೇಡು ಎಂಬುದನ್ನು ತಂದೆಯ ಬಾಯಿಂದ ಕೇಳಿದರೆ ಅದು ಕ್ರಿಕೆಟ್ಟಿನ ಮಾತಾಗಿ ಉಳಿಯುವುದಿಲ್ಲ. ಹೆಣ್ಣುಮಕ್ಕಳ ಕಾಲ್ಗುಣದ ಬಗ್ಗೆ ನಮ್ಮ ಸಮಾಜ ಆಡುವ ಮಾತುಗಳು ಆಕೆಗೆ ಮುಂದೆ ಹೇಗೂ ಕೇಳಲಿವೆ, ಮೊದಲನೆಯದು ನಿಮ್ಮಿಂದ ಬರುವುದು ಬೇಡ.

ಅವಳಿಗೆ ಬರಿಯ ಸಮಾಧಾನ ಹೇಳಬೇಡಿ, ಲೆಕ್ಕ ಹೇಳಿ. ಪಕ್ಕದ ಮನೆಯ ಟಿವಿಯಲ್ಲಿ "ಹೋ" ಎಂಬ ಕೂಗು ಎದ್ದ ಕೆಲವು ಸೆಕೆಂಡುಗಳ ಮೇಲೆ ನಿಮ್ಮ ಫೋನಿನಲ್ಲಿ ಸಿಕ್ಸರ್ ಕಾಣುವ ಕಿರಿಕಿರಿಯನ್ನು ನೀವು ಎಷ್ಟೋ ಸಲ ಅನುಭವಿಸಿರುತ್ತೀರಿ. ಮೈದಾನದಿಂದ ಹೊರಟ ಚಿತ್ರ ಉಪಗ್ರಹವನ್ನೋ ಅಂತರ್ಜಾಲವನ್ನೋ ಹಾದು ನಮ್ಮನ್ನು ಮುಟ್ಟುವ ಹೊತ್ತಿಗೆ ಟಿವಿಯಲ್ಲಿ ಕೆಲವು ಸೆಕೆಂಡು, ಫೋನಿನಲ್ಲಿ ಅದಕ್ಕಿಂತಲೂ ಹೆಚ್ಚು ತಡವಾಗಿರುತ್ತದೆ. ಅಂದರೆ ಮಗಳು ಬಾಗಿಲು ತೆರೆದು ಒಳಗೆ ಕಾಲಿಡುವ ಮೊದಲೇ ಅತ್ತ ಕೊಹ್ಲಿ ಔಟಾಗಿ ಆಗಿತ್ತು. ಆ ಸುದ್ದಿ ಇನ್ನೂ ದಾರಿಯಲ್ಲಿತ್ತು, ಅಷ್ಟೆ. ಅವಳು ಬಂದದ್ದರಿಂದ ವಿಕೆಟ್ ಬೀಳುವುದು ಕಾಲದ ಲೆಕ್ಕದಲ್ಲಿಯೇ ಸಾಧ್ಯವಿರಲಿಲ್ಲ. ಇದನ್ನು ಅವಳೆದುರು ಗಡಿಯಾರ ಹಿಡಿದು, ಒಂದೇ ಪಂದ್ಯವನ್ನು ಟಿವಿಯಲ್ಲೂ ಫೋನಿನಲ್ಲೂ ಹಚ್ಚಿ ತೋರಿಸಿ, ಮತ್ತು "ತಪ್ಪು ನಂದೇ" ಎಂದು ಸ್ಪಷ್ಟವಾಗಿ ಹೇಳಿ.

ಜೊತೆಗೆ ಇನ್ನೊಂದನ್ನು ಹೇಳಲೇಬೇಕು, ಬೇಸರಿಸಬೇಡಿ. ಮೊದಲ ಕಪ್ 2025ರಲ್ಲಿ ಬಂತು ಎಂದು ನೀವು ಬರೆದಿದ್ದೀರಿ. ಆರ್‌ಸಿಬಿಗೆ ಮೊದಲ ಕಪ್ ಬಂದದ್ದು 2024ರ ಮಾರ್ಚ್ 17ರಂದು, ದೆಹಲಿಯಲ್ಲಿ, ಸ್ಮೃತಿ ಮಂಧಾನ ನಾಯಕತ್ವದ ಮಹಿಳಾ ತಂಡದಿಂದ. ಆ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ತೆಗೆದ ಶ್ರೇಯಾಂಕಾ ಪಾಟೀಲ್ ನಮ್ಮ ಕಲಬುರಗಿ ಮೂಲದವರು. ನಿಮ್ಮ ಖಾತೆಯಲ್ಲಿ ಜಮಾ ಮಾಡದೆ ಬಿಟ್ಟ ಈ ಸಂತೋಷವನ್ನು ಮಗಳ ಜೊತೆ ಕುಳಿತು ಈಗಲೂ ನೋಡಬಹುದು.

2025ರ ಸಂತೋಷ ನಿಲ್ಲಲಿಲ್ಲವೆಂಬುದಕ್ಕೆ ನಿಮ್ಮ ಮನಸ್ಸನ್ನು ದೂರಬೇಡಿ. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ತಂಡಕ್ಕೆ ಕೊನೆಯ ಓವರಿನಲ್ಲಿ 29 ರನ್ ಬೇಕಿದ್ದಾಗ ಹೇಜಲ್‌ವುಡ್‌ರ ಮೊದಲ ಎರಡು ಎಸೆತಗಳಲ್ಲಿ ರನ್ ಬರಲಿಲ್ಲ, ಕೊಹ್ಲಿಯ ಕಣ್ಣು ತುಂಬಿತು, ಆಮೇಲೆ ಶಶಾಂಕ್ ಸಿಂಗ್ ಹೊಡೆದ 22 ರನ್ನುಗಳಿಂದಾಗಿ ಗೆಲುವಿನ ಅಂತರ ಅದೇ ಹಳೆಯ ಆರಕ್ಕೆ ಬಂದು ನಿಂತಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅವರೂ ನಿಮ್ಮ "ನಾವು" ಎಂಬುದರೊಳಗಿನವರೇ ಆದ್ದರಿಂದ ನಿಮಗೆ ಮತ್ತೆ ಕುಣಿಯುವುದು ಸಾಧ್ಯವಾಗಲಿಲ್ಲ. ಅಂದು ಸಂತೋಷ ನಿಂತಿದ್ದರೆ ನಾನು ಹೆಚ್ಚು ಚಿಂತಿಸುತ್ತಿದ್ದೆ.

ಸಿಡುಕಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಅಮೆರಿಕದ ಫುಟ್‌ಬಾಲ್ ಪಂದ್ಯಗಳನ್ನೂ ಪೊಲೀಸ್ ದಾಖಲೆಗಳನ್ನೂ ಹೋಲಿಸಿದ ಕಾರ್ಡ್ ಮತ್ತು ಡಾಲ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ವರದಿ ಮಾಡಿದ್ದೇನೆಂದರೆ, ಗೆದ್ದೇ ಗೆಲ್ಲುವುದೆಂದು ಎಲ್ಲರೂ ಎಣಿಸಿದ್ದ ತವರಿನ ತಂಡ ಸೋತ ದಿನ ಗಂಡಸರು ಮನೆಯಲ್ಲಿ ಹೆಂಗಸರ ಮೇಲೆ ಮಾಡುವ ಹಲ್ಲೆ ಸುಮಾರು ಶೇ 10ರಷ್ಟು ಏರಿತ್ತು. ಸೋಲು ಮೊದಲೇ ನಿರೀಕ್ಷಿತವಾಗಿದ್ದಾಗ ಅಂಥ ಏರಿಕೆ ಕಾಣಲಿಲ್ಲ. ಕೆಡುಕು ಹುಟ್ಟಿದ್ದು ಸೋಲಿಗಿಂತ ಹೆಚ್ಚಾಗಿ ಮುರಿದ ನಿರೀಕ್ಷೆಯಿಂದ. ನೀವು ಕೈಯೆತ್ತಿದ್ದೀರೆಂದು ನಾನು ಎಣಿಸಿಲ್ಲ. ಆದರೆ ಮನೆಯಾಕೆ ಪಂದ್ಯದ ಫಲಿತಾಂಶ ನೋಡಿ ನಿಮ್ಮ ಮುಂದೆ ಎಷ್ಟು ಮಾತಾಡಬೇಕೆಂದು ಅಳೆಯತೊಡಗಿದ್ದರೆ, ಆ ಮನೆಯಲ್ಲಿ ಆಗಲೇ ಏನೋ ಕೆಟ್ಟಿದೆ. ಟಾಸ್ ಆಗುವ ಮೊದಲು "ಇವತ್ತ ಸೋಲ್ಬಹುದು" ಎಂದು ಬಾಯಿಬಿಟ್ಟು ಒಮ್ಮೆ ಹೇಳುವುದನ್ನು ರೂಢಿಸಿಕೊಳ್ಳಿ, ಅಪಶಕುನವೆನಿಸಿದರೂ ಹೇಳಿ. ಊಟವನ್ನು ಪಂದ್ಯ ಮುಗಿಯುವವರೆಗೆ ಕಾಯಿಸದೆ ಇನಿಂಗ್ಸ್ ನಡುವಿನ ವಿರಾಮದಲ್ಲಿಯೇ ಮುಗಿಸಿಬಿಟ್ಟರೆ ಉಪವಾಸದ ಪ್ರಶ್ನೆಯೇ ಏಳುವುದಿಲ್ಲ. ಪಂದ್ಯದ ಮೇಲೆ ಹಣ ಕಟ್ಟುತ್ತಿದ್ದೀರಾ ಎಂಬುದನ್ನು ನೀವು ಬರೆದಿಲ್ಲ. ಕಟ್ಟುತ್ತಿದ್ದರೆ ಮೇಲಿನ ಯಾವ ಸಲಹೆಯೂ ಕೆಲಸ ಮಾಡುವುದಿಲ್ಲ, ಏಕೆಂದರೆ ಅದು ಬೇರೆಯೇ ತೊಂದರೆ. ಅದಕ್ಕೂ, ನಿದ್ದೆಯಿಲ್ಲದ ಬೇಸರ ಎರಡು ವಾರ ಮೀರಿ ಮುಂದುವರಿದರೂ, 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ.

ತಂದೆಯವರನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 2006ರ ಫುಟ್‌ಬಾಲ್ ವಿಶ್ವಕಪ್ ಸಮಯದಲ್ಲಿ ಮ್ಯೂನಿಕ್ ಸುತ್ತಮುತ್ತ ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಎರಡೂವರೆ ಪಟ್ಟಿಗೂ ಹೆಚ್ಚಾದದ್ದನ್ನು ಅಲ್ಲಿನ ವೈದ್ಯರು 2008ರಲ್ಲಿ ದಾಖಲಿಸಿದರು. ಮೊದಲೇ ಹೃದಯದ ತೊಂದರೆ ಇದ್ದವರಲ್ಲಿ ಏರಿಕೆ ಇನ್ನೂ ಹೆಚ್ಚು. ಪಂದ್ಯದ ಗದ್ದಲದಲ್ಲಿ ರಾತ್ರಿಯ ಮಾತ್ರೆ ತಪ್ಪದಿರಲಿ, ಒಮ್ಮೆ ಅವರ ವೈದ್ಯರ ಮುಂದೆ ಈ ವಿಷಯ ಹೇಳಿ ಕೇಳಿ, ಮತ್ತು ಎದೆ ಬಿಗಿತ, ಎಡಗೈ ಸೆಳೆತ, ತಣ್ಣನೆ ಬೆವರು ಕಂಡರೆ ಓವರ್ ಮುಗಿಯಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಕೊನೆಯದಾಗಿ, ಲೆಕ್ಕ ಬರೆಯುವವರಾದ ನಿಮಗೇ ಹೊಂದುವ ಒಂದು ಕೆಲಸ. ಮುಂದಿನ ಪಂದ್ಯಕ್ಕೆ ಮಿಲ್ಲಿನ ಹಳೆಯ ಲೆಡ್ಜರಿನಲ್ಲಿ ಉಳಿದ ಹಾಳೆಗಳನ್ನು ತಂದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಕೋರನ್ನು ಕೈಯಿಂದ ಬರೆಯಿರಿ. ಬ್ಯಾಟಿಂಗ್ ಪುಟ ನಿಮ್ಮದು, ಬೌಲಿಂಗ್ ಪುಟ ಅವಳದು. ರನ್ನಿಲ್ಲದ ಎಸೆತಕ್ಕೆ ಚುಕ್ಕೆ, ವಿಕೆಟ್ಟಿಗೆ ಡಬ್ಲ್ಯು, ವೈಡ್‌ಗೆ ಅಧಿಕ ಚಿಹ್ನೆ. ಪ್ರತಿ ಎಸೆತಕ್ಕೂ ಬರೆಯುವ ಕೆಲಸವಿರುವುದರಿಂದ ಗಮನ ಫಲಿತಾಂಶದ ಕಡೆ ಓಡಲು ಬಿಡುವು ಸಿಗುವುದಿಲ್ಲ, ಮತ್ತು ಓವರಿನ ಕೊನೆಗೆ ಇಬ್ಬರ ಮೊತ್ತವೂ ತಾಳೆಯಾಗಬೇಕಾದ್ದರಿಂದ ಒಬ್ಬರನ್ನೊಬ್ಬರು ಕೇಳದೆ ಗತಿಯಿಲ್ಲ. ಕೊಹ್ಲಿ ಔಟಾದರೆ ಅದನ್ನು ಬೌಲರ್‌ನ ಹೆಸರಿನ ಮುಂದೆ ಅವಳೇ ಬರೆಯಲಿ.